ಟಿಕೆಟ್ಟಿಲ್ಲದ ಕಚೇರಿ

ಸಂಗೀತದ ವಿಷಯದಲ್ಲಿ ಮದ್ರಾಸಿನವರು ಜಾಣರು. ವರ್ಷವಿಡೀ ಬೆವರುವ ಊರಿನಲ್ಲಿ ಇದ್ದುದರಲ್ಲೇ ತಂಪಾದ ಡಿಸೆಂಬರನ್ನು ಹುಡುಕಿ ತಮ್ಮ ಸೀಸನ್ನನ್ನು ಅಲ್ಲಿಟ್ಟುಕೊಂಡಿದ್ದಾರೆ. ನಾವೋ, ಹವೆಗೆ ಹೆಸರಾದ ಊರಿನಲ್ಲಿದ್ದುಕೊಂಡು, ಯುಗಾದಿ ಕಳೆದು ನೆತ್ತಿ ಸುಡುವ ಹೊತ್ತಿಗೆ ಸರಿಯಾಗಿ ಶಾಮಿಯಾನ ಕಟ್ಟಿಸಿ ಅದರಡಿ ಕೂರುತ್ತೇವೆ. ರಾಮ ಹುಟ್ಟಿದ್ದೇ ಚೈತ್ರದಲ್ಲಿ, ಯಾರನ್ನು ದೂರೋದು?

ಈ ರಾಮನವಮಿ ಕಚೇರಿಗಳ ದೊಡ್ಡ ಮನೆ ಚಾಮರಾಜಪೇಟೆ. ಅಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಹುಟ್ಟುಹಾಕಿದ ರಾಮಸೇವಾ ಮಂಡಳಿ, ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಸುಮಾರು ಒಂದು ತಿಂಗಳು ಸಂಗೀತ ನಡೆಸುತ್ತದೆ. ಒಳಗೆ ಜಾಗ ಸಿಗದವರು ರಸ್ತೆಯಲ್ಲೇ ನಿಂತು ಕೇಳಿ ಮನೆಗೆ ಹೋಗುತ್ತಿದ್ದ ಕಥೆಗಳನ್ನು ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ನಮ್ಮ ವಿಜಯನಗರದ್ದು ಅಷ್ಟು ದೊಡ್ಡದಲ್ಲ. ಮಾರುತಿ ಮಂದಿರದ ಆಸುಪಾಸಿನ ಯಾವುದೋ ಕ್ರಾಸಿಗೆ ಅಡ್ಡಲಾಗಿ ಬಿದಿರಿನ ಗಳ ಬೀಳುತ್ತದೆ, ಸ್ಕೂಟರಿನವರು ಗೊಣಗುತ್ತಾ ಪಕ್ಕದ ಕ್ರಾಸಿಗೆ ತಿರುಗುತ್ತಾರೆ, ವೇದಿಕೆಯ ಮೇಲೆ ಜಮಖಾನ ಹಾಸುತ್ತಾರೆ. ಸೀಸನ್ನು ಶುರುವಾಯಿತು.

ವೇದಿಕೆಯ ಮೇಲೆ ಇರುವವರು ಹೆಚ್ಚೆಂದರೆ ಐದು ಜನ: ಹಾಡುವವರು, ಪಿಟೀಲು, ಮೃದಂಗ, ಘಟ, ಹಿಂದೆ ತಂಬೂರಿ ಹಿಡಿದ ಶಿಷ್ಯೆ. ಈಗೀಗ ಶಿಷ್ಯೆಯ ಜಾಗದಲ್ಲಿ ಒಂದು ಪುಟ್ಟ ಪೆಟ್ಟಿಗೆ ಕೂತಿರುತ್ತದೆ. ಆ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಜಿ. ರಾಜ್ ನಾರಾಯಣ್ ನಮ್ಮ ಬೆಂಗಳೂರಿನವರೇ. ಪೆಟ್ಟಿಗೆಗೆ ಕಾಲು ಜೋಮು ಹಿಡಿಯುವುದಿಲ್ಲ, ನಿಜ. ಆದರೆ ಗಾಯಕರು ಒಳ್ಳೆಯ ಸಂಗತಿ ಹಾಕಿದಾಗ ಹಿಂದಿನಿಂದ ತಲೆದೂಗುವುದೂ ಇಲ್ಲ.

ಇಂಥ ಸಂಗೀತಕ್ಕೆ ದುಡ್ಡು ಕೊಡುವವರು ಯಾರು ಅನ್ನುವುದು ಎಲ್ಲ ಕಾಲದ ಪ್ರಶ್ನೆ. ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಖರ್ಚಿಗೆ ಒತ್ತಾಸೆಯಾಗಿ ನಿಂತವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಮಹಾರಾಜರ ಹೆಸರನ್ನು ಅಲ್ಲಿ ಯಾರೂ ಹಾಡಿನ ನಡುವೆ ಮೈಕಿನಲ್ಲಿ ಕೂಗಿರಲಾರರು. ನಮ್ಮಲ್ಲಿ ಮಹಾರಾಜರ ಜಾಗಕ್ಕೆ ಚಂದಾ ಪುಸ್ತಕ ಬಂದಿದೆ. ದಿನಸಿ ಅಂಗಡಿಯವರು, ಚಿನ್ನದಂಗಡಿಯವರು, ಮಗಳ ಮದುವೆ ಕುದುರಿದ ಸಂತೋಷಕ್ಕೆ ಒಂದು ದಿನದ ಕೋಸಂಬರಿ ಸೇವೆ ಬರೆಸಿದವರು, ಇಷ್ಟು ಜನರ ಹೆಸರೂ ಆಲಾಪನೆ ಮುಗಿದು ಪಲ್ಲವಿ ಎತ್ತಿಕೊಳ್ಳುವ ಮಧ್ಯದ ಆ ಎರಡು ಉಸಿರಿನಲ್ಲಿ ಹೊರಬೀಳಬೇಕು. ಇನ್ನು ಜನನಾಯಕರೊಬ್ಬರು ಬಂದರಂತೂ ರಾಗ ಅಲ್ಲಿಗೇ ನಿಲ್ಲುತ್ತದೆ. ಶಾಲು, ಹಾರ, ಮೈಸೂರು ಪೇಟ, ಫೋಟೊ, ಎರಡು ಮಾತು. ಆ ಎರಡು ಮಾತು ಯಾವ ವಿಳಂಬ ಕಾಲದ ಕೃತಿಗೂ ಸೋಲುವುದಿಲ್ಲ. ಅವರು ಇಳಿದುಹೋದ ಮೇಲೆ ವಿದ್ವಾಂಸರು ಪೇಟವನ್ನು ಪಕ್ಕಕ್ಕಿಟ್ಟು, ಬಿಟ್ಟ ಸ್ವರವನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ. ಇದನ್ನು ಯಾವ ಸಂಗೀತ ಪರೀಕ್ಷೆಯಲ್ಲೂ ಕೇಳುವುದಿಲ್ಲ, ಕೇಳಬೇಕಿತ್ತು.

ಗದ್ದಲ ಇನ್ನೊಂದು ಕಥೆ. ಮೈಕಿಲ್ಲದ ದಿನಗಳಲ್ಲಿ ತಮ್ಮ ವಾದ್ಯ ಹಿಂದಿನ ಸಾಲಿಗೆ ಕೇಳದೆಂದು ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿಕೊಂಡರು. ಮುಂದೆ ಅವರ ನೆನಪಿಗೆ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಎದ್ದಿತು. ಈಗ ಆ ಏಳು ತಂತಿಯ ಕೆಲಸವನ್ನು ನಮ್ಮ ಕ್ರಾಸಿನ ಮೈಕ್‌ಸೆಟ್ಟಿನ ಹುಡುಗ ಒಂದು ಗುಂಡಿ ತಿರುಗಿಸಿ ಮಾಡುತ್ತಾನೆ. ಅವನಿಗೆ ಮೃದಂಗವೆಂದರೆ ಪ್ರಾಣ. ಹಾಗಾಗಿ ಮೃದಂಗ ಎಲ್ಲರಿಗೂ ಕೇಳುತ್ತದೆ, ಹಾಡು ಮುಂದಿನ ಮೂರು ಸಾಲಿಗೆ. ಇದರ ಮೇಲೆ ಸ್ಪೀಕರಿನ ಎದುರು ಮನೆಯ ಕುಕ್ಕರು, ದೂರದಲ್ಲಿ ಎತ್ತರದ ಹಳಿಯ ಮೇಲೆ ಹಾಯುವ ಮೆಟ್ರೊ. ಹಾಡುವವರು ಇವಕ್ಕೆಲ್ಲ ಕಣ್ಣು ಮುಚ್ಚಿಕೊಂಡು ಷಡ್ಜದ ಮೇಲೆ ನಿಂತಿರುತ್ತಾರೆ.

ಮೃದಂಗದವರನ್ನು ನಾನು ಹತ್ತಿರದಿಂದ ನೋಡುವುದು ಕಚೇರಿಗೆ ಮುಂಚೆ. ಅವರು ಸಣ್ಣ ಡಬ್ಬಿಯಿಂದ ಒಂದು ಹಿಡಿ ರವೆ ತೆಗೆದು, ಹನಿ ಹನಿ ನೀರು ಹಾಕಿ ಅಂಗೈಯಲ್ಲೇ ನಾದಿ, ಎಡಗಡೆಯ ಮುಚ್ಚಿಗೆಯ ನಡುವೆ ಬಿಲ್ಲೆಯಂತೆ ಮೆತ್ತುತ್ತಾರೆ. ತಟ್ಟಿ ನೋಡುತ್ತಾರೆ. ಚಿಟಿಕೆಯಷ್ಟು ಕಿತ್ತು ತೆಗೆಯುತ್ತಾರೆ, ಮತ್ತೆ ತಟ್ಟುತ್ತಾರೆ. ಮಂದ್ರದ ಆ ಗುಮುಕಿ ಹುಟ್ಟುವುದು ನಾಳೆ ಬೆಳಿಗ್ಗೆ ಉಪ್ಪಿಟ್ಟಾಗಬಹುದಾಗಿದ್ದ ಆ ಹಿಟ್ಟಿನಿಂದ. ಬಲಗಡೆ ಕರಣೆ ಶಾಶ್ವತ, ಎಡಗಡೆಯದು ಆ ಸಂಜೆಯ ಮಟ್ಟಿಗೆ. ಮಂಗಳ ಹಾಡಿದ ಮೇಲೆ ಅದನ್ನು ಕೆರೆದು ತೆಗೆದುಬಿಡುತ್ತಾರೆ.

ಇಷ್ಟು ಪಾಡುಪಟ್ಟ ಮನುಷ್ಯನಿಗೆ ನಾವು ಮಾಡುವ ಅನ್ಯಾಯ ಒಂದೆರಡಲ್ಲ. ತನಿ ಆವರ್ತನ ಶುರುವಾಯಿತೆಂದರೆ ಅರ್ಧ ಶಾಮಿಯಾನ ಎದ್ದು ನಿಲ್ಲುತ್ತದೆ. ಅತ್ತ ಮೃದಂಗ, ಘಟ ಇಬ್ಬರೂ ಲೆಕ್ಕಾಚಾರದ ತುತ್ತತುದಿಯಲ್ಲಿ ಕೋರೈಸುತ್ತಿದ್ದರೆ, ಇತ್ತ ಹೆಸರುಬೇಳೆ ಕೋಸಂಬರಿಗೂ ಪಾನಕಕ್ಕೂ ಸರತಿಯ ಸಾಲು. ಬೆಲ್ಲ, ಏಲಕ್ಕಿ, ಒಣಶುಂಠಿ ಹದವಾಗಿ ಬಿದ್ದ ಪಾನಕ ತನಿಯ ಜೊತೆ ಪೈಪೋಟಿಗೆ ನಿಂತರೆ ಯಾರನ್ನು ತಪ್ಪು ಅನ್ನುವುದು? ಆದರೂ ಒಂದು ಮಾತು ಹೇಳಬೇಕು. ಟಿಕೆಟ್ಟು ಕೊಂಡವನು ಕೊಟ್ಟ ದುಡ್ಡಿನ ಮರ್ಯಾದೆಗಾದರೂ ಕೊನೆಯವರೆಗೆ ಕೂರುತ್ತಾನೆ, ಬೇಸರವಾದರೂ ಚಪ್ಪಾಳೆ ತಟ್ಟುತ್ತಾನೆ. ಬಿಟ್ಟಿ ಕೇಳುಗನಿಗೆ ಆ ದಾಕ್ಷಿಣ್ಯವಿಲ್ಲ. ಅವನ ಮನೆ ನೂರು ಹೆಜ್ಜೆಯ ದೂರ, ಅಲ್ಲಿ ಟೀವಿ ಇದೆ. ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಉಳಿದನೆಂದರೆ ಹಾಡು ಅವನನ್ನು ಉಳಿಸಿಕೊಂಡಿದೆ ಎಂದೇ ಅರ್ಥ. ಮುಂದಿನ ಸಾಲಿನ ಒಬ್ಬ ಅಜ್ಜಿ ಪಾನಕದ ಲೋಟವನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ತೊಡೆಯ ಮೇಲೆ ಎಂಟಕ್ಷರದ ಆದಿತಾಳ ಹಾಕುತ್ತಲೇ ಇರುತ್ತಾರೆ. ಮುಕ್ತಾಯ ಸಮಕ್ಕೆ ಬಂದು ಬಿದ್ದಾಗ ವೇದಿಕೆಯಿಂದ ಮೃದಂಗದವರು ನೋಡುವುದು ಅವರ ಕಡೆಗೇ, ಹಾರ ಹಾಕಿದವರ ಕಡೆಗಲ್ಲ.

ಕಚೇರಿ ಮುಗಿದ ಮೇಲೂ ಕಚೇರಿ ಮುಗಿಯುವುದಿಲ್ಲ. ಮೊನ್ನೆ ನಮ್ಮ ಕ್ರಾಸಿನ ಇಬ್ಬರು ನಿವೃತ್ತರು ದರ್ಶಿನಿಯ ಮುಂದೆ ಬೈಟೂ ಕಾಫಿ ಹಿಡಿದು ನಿಂತಿದ್ದರು.

“ಅದು ನಾಯಕಿ ರಾಗ ಕಣ್ರೀ.”

“ದರ್ಬಾರು. ಆ ಗಾಂಧಾರ ಕೇಳಿಸಿಕೊಂಡ್ರಾ ನೀವು?”

“ಕೇಳಿಸಿಕೊಂಡೇ ಹೇಳ್ತಿರೋದು.”

ಕೋಸಂಬರಿಯ ಸಾಲಿನಲ್ಲಿದ್ದುದರಿಂದ ಎರಡನ್ನೂ ಕೇಳಿರದ ಮೂರನೆಯವರು ನಡುವೆ ಬಂದು, “ಹಾಡಿದವರು ಇನ್ನೂ ಅಲ್ಲೇ ಕಾರಿಗೆ ಕಾಯ್ತಿದ್ದಾರೆ, ಕೇಳಿಬಿಡಬಹುದಲ್ಲ?” ಅಂದರು.

ಇಬ್ಬರೂ ಒಟ್ಟಿಗೆ ಅವರತ್ತ ತಿರುಗಿದರು.

“ಕೇಳಿಬಿಟ್ಟರೆ ನಾಳೆ ವಾಕಿಂಗಿನಲ್ಲಿ ಏನು ಮಾತಾಡೋದು ಸ್ವಾಮಿ?”