ಏಪ್ರಿಲ್ ಒಂದರ ಲೆಕ್ಕ

ದೊಡ್ಡಬಳ್ಳಾಪುರದ ಸರ್ಕಾರಿ ನೌಕರರಲ್ಲಿ ಎರಡು ಪಂಗಡ: 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರು, ಆಮೇಲೆ ಸೇರಿದವರು. (ದಿನಾಂಕವನ್ನು ಯಾರೂ ತಮಾಷೆಗೆ ಆರಿಸಿದ್ದಲ್ಲವಂತೆ.) ಮೊದಲಿನವರಿಗೆ ನಿಶ್ಚಿತ ಪಿಂಚಣಿ, ಎರಡನೆಯವರಿಗೆ ಎನ್‌ಪಿಎಸ್, ಜೊತೆಗೆ ಷೇರುಪೇಟೆ ಸುದ್ದಿ ನೋಡುವ ಚಟ.

ಮೂಲ ವೇತನ, ತುಟ್ಟಿಭತ್ಯೆಯ ಮೇಲೆ ನೂರಕ್ಕೆ 10 ನೌಕರನದು, 14 ಸರ್ಕಾರದ್ದು. ಅರವತ್ತಕ್ಕೆ ನಿವೃತ್ತಿಯಾದಾಗ ಗಂಟಿನಲ್ಲಿ ಶೇ 60ರವರೆಗೆ ಕೈಗೆ, ಮಿಕ್ಕದ್ದು ತಿಂಗಳ ಪಿಂಚಣಿಗೆ.

ನಲವತ್ತೈದು ದಾಟಿದ ಗುಮಾಸ್ತರಿಗೆ ಕಾಫಿ ಹೊತ್ತಿನಲ್ಲಿ ಇದೇ ಮಾತು. ಒಬ್ಬರು ಪಿಪಿಎಫ್ ಎಂದರೆ ಇನ್ನೊಬ್ಬರು ದೇವನಹಳ್ಳಿ ಸೈಟು ಅನ್ನುತ್ತಾರೆ. 2008ರಿಂದ ಅಲ್ಲಿ ವಿಮಾನಗಳು ಇಳಿಯುತ್ತಿವೆ. ಸೈಟಿನ ರೇಟು ಮಾತ್ರ ಇಳಿಯಲೊಲ್ಲದು.

"ಆಗ್ಲೇ ತಗೋಬೇಕಿತ್ತು ಸಾರ್!"

ಆಗ ಕೈಗೆ ಬರುತ್ತಿದ್ದ ಸಂಬಳವೆಷ್ಟು ಎಂಬುದನ್ನು ಯಾರೂ ಎತ್ತುವುದಿಲ್ಲ.