ದೊಡ್ಡಸ್ವಾಮಿಗಳಿಗೆ ಕೇರಿಯಿಂದ ಒಂದು ಓಲೆ

ಪ್ಯಾರಿಸ್ ವಾಸಿಗಳಾದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಉರುಫ್ ದೊಡ್ಡಸ್ವಾಮಿಗಳವರ ಪಾದಗಳಿಗೆ, ಶ್ರೀರಂಗಪಟ್ಟಣ ಸೀಮೆಯ ಕೇರಿಯವನೊಬ್ಬನ ಶಿರಸಾಷ್ಟಾಂಗ. ಉಭಯ ಕುಶಲೋಪರಿ ಸಾಂಪ್ರತ.

ತಾವು ತೀರಿಕೊಂಡದ್ದು 1848ರಲ್ಲಿ. ಓಲೆ ತುಸು ತಡವಾಯಿತು, ಮನ್ನಿಸಬೇಕು. ಹಿಂದೂಗಳ ಆಚಾರ ವಿಚಾರವೆಂದು ನಮ್ಮ ಬಗ್ಗೆ ತಾವು ಬರೆದ ಗ್ರಂಥವನ್ನು ಓದಲು ನಮಗೆ ಅಕ್ಷರ ಬರಬೇಕಿತ್ತು. ಅಕ್ಷರ ಬರಲು ಯಾರಾದರೂ ಮಠದ ಜಗಲಿ ಹತ್ತಿಸಬೇಕಿತ್ತು. ಹತ್ತಿಸಲು ಜಾತಿಯ ಕಟ್ಟಳೆ ಬಿಡಲಿಲ್ಲ. ಅದೇ ಸ್ವಾಮಿ, ಹಿಂದೂ ಶಾಸನಗಳಲ್ಲೆಲ್ಲ ಶ್ರೇಷ್ಠವೆಂದು ತಾವು ಕೊಂಡಾಡಿದ ಕಟ್ಟಳೆ.

ತಮ್ಮ ಉಪಕಾರ ಮರೆತಿಲ್ಲ. ನಮ್ಮಂತೆ ಉಟ್ಟಿರಿ, ನಮ್ಮ ಭಾಷೆ ಆಡಿದಿರಿ, ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ಅಲೆದಿರಿ. ಆದರೆ ಜಾತಿಯ ಅಂಕೆ ಇಲ್ಲದಿದ್ದರೆ ಹಿಂದೂಗಳ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಬೇಕಾದಾಗ, ತಮ್ಮ ಬೆರಳು ನೇರ ನಮ್ಮ ಕೇರಿಯತ್ತ ತಿರುಗಿತು. ಪರೆಯರನ್ನು ನೋಡಿ, ನೀತಿಯ ಲಗಾಮಿಲ್ಲದವರು ಹೇಗಿರುತ್ತಾರೆ ತಿಳಿಯುತ್ತದೆ ಎಂದಿರಿ. ಊರಾಚೆ ತಳ್ಳಿದವರ ಗುಣಗಾನ, ತಳ್ಳಿಸಿಕೊಂಡವರ ಶೀಲಪರೀಕ್ಷೆ! ಆ ಗ್ರಂಥದ ಹಸ್ತಪ್ರತಿಗೆ ಕಂಪನಿ ಸರ್ಕಾರ 1807ರಲ್ಲಿ 2000 ವರಹ ಎಣಿಸಿತು. ಉದಾಹರಣೆಯಾಗಿ ನಿಂತವರಿಗೆ ಅದರಲ್ಲಿ ಒಂದು ದುಡ್ಡೂ ಬರಲಿಲ್ಲ.

ಊರಿಗೆ ಮರಳಿ 1823ರಲ್ಲಿ ಲೆಕ್ಕ ಒಪ್ಪಿಸಿದಿರಿ: ಇಪ್ಪತ್ತೈದು ವರ್ಷ ದುಡಿದು ಕ್ರೈಸ್ತರಾಗಿಸಿದ್ದು ಇನ್ನೂರು ಮುನ್ನೂರು ಮಂದಿ, ಅದರಲ್ಲಿ ಮೂರನೆಯ ಎರಡು ಪಾಲು ಪರೆಯರು, ಭಿಕ್ಷುಕರು. ಬರೆಯುವಾಗ ಹಳಹಳಿಸಿದಿರಿ. ಯಾರಿಗೆ ಲಗಾಮಿಲ್ಲ ಎಂದಿರೋ ಅವರೇ ತಮ್ಮ ಬಾಗಿಲಿಗೆ ಬಂದದ್ದು ಸ್ವಾಮಿ. ತಾವು ಕಾದು ಕುಳಿತದ್ದು ಅಗ್ರಹಾರದವರಿಗಾಗಿ.

ಇನ್ನೊಂದು ಸುದ್ದಿ. ಸಿಲ್ವಿಯಾ ಮುರ್ ಎಂಬ ತಮ್ಮೂರಿನ ವಿದುಷಿ 1987ರಲ್ಲಿ ಕಡತ ಬಿಚ್ಚಿದರು. ತಮ್ಮ ಗ್ರಂಥದ ಬಹುಪಾಲು, ತಮಗಿಂತ ಹಿಂದೆ ದಕ್ಷಿಣದಲ್ಲಿದ್ದ ಪಾದ್ರಿ ಕೋರ್ದು ಬರೆದಿಟ್ಟದ್ದಂತೆ. ಮೈಸೂರು ಸೀಮೆಯಲ್ಲಿ ಕಣ್ಣಾರೆ ಕಂಡದ್ದೆಂದು ಜಗತ್ತು ನಂಬಿದ್ದು ಪಕ್ಕದ ಮನೆಯ ಹಿಟ್ಟು, ತಮ್ಮ ಮನೆಯ ಒಲೆ!

ಧೈರ್ಯ ಬಂದು ನಾನೂ ಒಂದು ಗ್ರಂಥ ಹಿಡಿದಿದ್ದೇನೆ: 'ಪ್ಯಾರಿಸ್ ಜನರ ಆಚಾರ ವಿಚಾರ'. ತಾವು 1792ರಲ್ಲಿ ಬಿಟ್ಟುಬಂದ ದೇಶದಲ್ಲಿ ಮರುವರ್ಷವೇ ರಾಜನನ್ನು ಬಲಿಕೊಟ್ಟರು. ಬಲಿಪೀಠದ ಹೆಸರು ಗಿಲೊಟಿನ್. ನೋಡಲು ಜಾತ್ರೆಯಂತೆ ಜನ. ಅಲ್ಲಿಗೆ ನಾನು ಹೋಗಿಲ್ಲ, ಯಾರನ್ನೂ ಕೇಳಿಲ್ಲ. ತಮ್ಮ ಸಂಪ್ರದಾಯದಲ್ಲಿ ಅದು ಕೊರತೆಯಲ್ಲ ಎಂದುಕೊಂಡಿದ್ದೇನೆ.

ಓಲೆಯನ್ನು ಓಲೆಯೆಂದು ಭಾವಿಸದೆ ಸಾಕ್ಷಾತ್ ಬಂದೆನೆಂದು ತಿಳಿಯಬೇಕು. ಬಾಗಿಲ ಹೊರಗೇ ನಿಂತಿದ್ದೇನೆ, ಅಭ್ಯಾಸವಾಗಿದೆ.

ಇಂತಿ,
ತಮ್ಮ ಉದಾಹರಣೆ

ತಾ.ಕ.: ಉತ್ತರ ಬರೆಯುವುದಾದರೆ ಸ್ವಂತದ್ದೇ ಇರಲಿ.