ಹದಿನಾರೂವರೆ ಮಿಲಿಮೀಟರ್ ಸಂಸಾರ

ಉತ್ತರ ಇಂಗ್ಲೆಂಡಿನ ಯಾವ ಊರಾದರೂ ಸರಿ, ಸಂಜೆ ಹೊತ್ತು ಸಾಲುಮನೆಗಳ ಹಿತ್ತಿಲ ಕಡೆ ಒಂದು ಸುತ್ತು ಹಾಕಿ. ಒಂದು ಹಿತ್ತಿಲಲ್ಲಿ ಗುಲಾಬಿ, ಇನ್ನೊಂದರಲ್ಲಿ ಒಣಗಲೆಂದು ಹರವಿ ಮಳೆಗೆ ನೆನೆದ ಬಟ್ಟೆ, ಮೂರನೆಯದರಲ್ಲಿ ಒಂದು ಮರದ ಶೆಡ್ಡು. ಆ ಶೆಡ್ಡಿನಿಂದ ಟಿಂಗ್ ಟಿಂಗ್ ಎಂದು ಗಂಟೆ ಕೇಳಿಸಿದರೆ ಒಳಗೆ ಮಂಗಳಾರತಿ ನಡೆಯುತ್ತಿದೆ ಎಂದುಕೊಳ್ಳಬೇಡಿ. ಕಾರ್ನ್‌ಫರ್ತ್‌ನಿಂದ ಕಾರ್ಲೈಲಿಗೆ ಹೊರಟ ಎಕ್ಸ್‌ಪ್ರೆಸ್ಸಿಗೆ ದಾರಿ ಕೇಳುತ್ತಿದ್ದಾರೆ. ಕೇಳುವವರು ಎಂಬತ್ತರ ಹತ್ತಿರ ಬಂದ ನಿವೃತ್ತ ರೈಲು ಡ್ರೈವರು. ಕೊಡಬೇಕಾದವರು ಅವರ ಗೆಳೆಯ, ಶೆಡ್ಡಿನ ಆ ತುದಿಯಲ್ಲಿ. ಗೆಳೆಯ ಮಂಡಿನೋವೆಂದು ಬಂದಿಲ್ಲದ ದಿನ ಇವರೇ ಈ ತುದಿಯಲ್ಲಿ ಗಂಟೆ ಬಾರಿಸಿ, ಬಗ್ಗಿ ಹಲಗೆಯ ಕೆಳಗೆ ನುಸುಳಿ, ಆ ತುದಿಗೆ ಹೋಗಿ, ತಮಗೆ ತಾವೇ ಅನುಮತಿ ಕೊಟ್ಟು ಮತ್ತೆ ನುಸುಳಿಕೊಂಡು ಬರುತ್ತಾರೆ. ಅನುಮತಿಯಿಲ್ಲದೆ ಗಾಡಿ ಬಿಟ್ಟ ಅಪವಾದ ಅವರ ಮೇಲೆ ಇವತ್ತಿನವರೆಗೂ ಇಲ್ಲ.

ಇಂಥವರು ಊರಿಗೊಬ್ಬರಾದರೂ ಸಿಗುತ್ತಾರೆ. ಕ್ರೂ, ಡಾರ್ಲಿಂಗ್ಟನ್, ಡಾನ್‌ಕಾಸ್ಟರ್‌ನಂಥ ರೈಲ್ವೆ ಊರುಗಳಲ್ಲಿ ಬೀದಿಗೊಬ್ಬರು. ಹೆಸರು ಬೇರೆ, ಟೋಪಿ ಬೇರೆ, ಕುಲ ಒಂದೇ. ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಕನ್ನಡದ ಡಾಕ್ಟರುಗಳಿಗೂ ಇವರ ಪರಿಚಯ ಉಂಟು. ಸೊಂಟ ಎಲ್ಲಿ ನೋಯುತ್ತದೆ ಎಂದು ಕೇಳಿದರೆ ಯಾವ ಇಂಜಿನ್ನಿನಿಂದ ನೋವು ಬಂತೆಂದು ನಂಬರ್ ಸಮೇತ ಹೇಳುವ ರೋಗಿಗಳು ಇವರೇ. ಸದ್ಯಕ್ಕೆ ಇವರನ್ನು ಡ್ರೈವರ್ ತಾತ ಎಂದು ಕರೆಯೋಣ.

ತಾತನ ಜಾತಕ ಹೆಚ್ಚುಕಡಿಮೆ ಹೀಗಿರುತ್ತದೆ. 1962ರ ಸುಮಾರಿಗೆ, 15 ತುಂಬಿದ ಕೂಡಲೇ ಶಾಲೆಗೆ ಶರಣು ಹೊಡೆದು ಇಂಜಿನ್ ಶೆಡ್ಡಿನಲ್ಲಿ ಕ್ಲೀನರ್ ಆಗಿ ಸೇರಿದರು. ಎಣ್ಣೆಯ ಚಿಂದಿ ಹಿಡಿದು ತಮಗಿಂತ ಎತ್ತರದ ಚಕ್ರ ಒರೆಸುವ ಕೆಲಸ. ಆಮೇಲೆ ಫೈರ್‌ಮನ್. ಬೆಂಕಿಯ ಎದುರು ಹೊಟ್ಟೆ ಬೇಯುತ್ತಿರುತ್ತದೆ, ಹಿಂದಿನಿಂದ ನುಗ್ಗುವ ಗಾಳಿಗೆ ಬೆನ್ನು ಮರಗಟ್ಟುತ್ತಿರುತ್ತದೆ. ಕೈ ಮಾತ್ರ ಕಲ್ಲಿದ್ದಲು ಎತ್ತಿ ಹಾಕುತ್ತಲೇ ಇರಬೇಕು. ಶ್ಯಾಪ್ ಎಂಬ ಏರು ಬಂದರೆ 4 ಮೈಲಿ ಉದ್ದಕ್ಕೂ 75 ಅಡಿಗೆ ಒಂದಡಿ ಹತ್ತಬೇಕು. ಭಾರದ ಗಾಡಿಯಾದರೆ ಟೀಬೇ ಶೆಡ್ಡಿನಿಂದ ಇನ್ನೊಂದು ಇಂಜಿನ್ ಬಂದು ಹಿಂದಿನಿಂದ ತಳ್ಳಬೇಕು. ಆ ಕೆಲಸ ಎಷ್ಟು ಸುಖವಾಗಿತ್ತೆಂದರೆ, ಕೊನೆಕೊನೆಗೆ ಅದಕ್ಕೆ ಹುಡುಗರೇ ಸಿಗುತ್ತಿರಲಿಲ್ಲ.

1968ರ ಆಗಸ್ಟ್ 11ರಂದು ಬ್ರಿಟಿಷ್ ರೈಲ್ ತನ್ನ ಕಡೆಯ ಉಗಿಬಂಡಿಯನ್ನು ಲಿವರ್‌ಪೂಲಿನಿಂದ ಕಾರ್ಲೈಲಿಗೆ ಬಿಟ್ಟು ವಾಪಸ್ ಕರೆಸಿ, ಇನ್ನು ಸಾಕು ಎಂದಿತು. ಟಿಕೆಟ್ಟಿಗೆ 15 ಗಿನಿ. ಆ ದಿನ ಆ ಇಂಜಿನ್ನಿನ ಮೇಲೆ ತಾವಿದ್ದೆವು ಎನ್ನುವ ಮುದುಕರನ್ನೆಲ್ಲ ನಿಜಕ್ಕೂ ಹತ್ತಿಸಿದ್ದರೆ ಗಾಡಿ ಲಿವರ್‌ಪೂಲ್ ಬಿಟ್ಟು ಅಲ್ಲಾಡುತ್ತಿರಲಿಲ್ಲ. ನಮ್ಮ ತಾತ ಅಷ್ಟರ ಮಟ್ಟಿಗೆ ಪ್ರಾಮಾಣಿಕರು. ತಾವು ಸಂಬಳ ತೆಗೆದುಕೊಂಡು ಕುಡಿಯುತ್ತಿದ್ದ ಹೊಗೆಯನ್ನು ಜನ 15 ಗಿನಿ ತೆತ್ತು ಕುಡಿಯುವುದನ್ನು ದಡದಲ್ಲಿ ನಿಂತು ನೋಡಿ ನಕ್ಕೆವು ಎನ್ನುತ್ತಾರೆ.

ಅದಾದ ಮೇಲೆ ಡೀಸೆಲ್. 1974ಕ್ಕೆ ಅದೇ ದಾರಿಗೆ ವಿದ್ಯುತ್ ಬಂತು. ಕುರ್ಚಿಯಲ್ಲಿ ಕೂತು, ಹೀಟರ್ ಹಾಕಿಕೊಂಡು, ಅದೇ ಶ್ಯಾಪ್ ಏರನ್ನು ಬೆವರಿಲ್ಲದೆ ಹತ್ತಿಸಿದರು. ಉಗಿಬಂಡಿಯ ಮೇಲೆ 6 ವರ್ಷ, ಕುರ್ಚಿಯಲ್ಲಿ 40 ವರ್ಷಕ್ಕೂ ಮೇಲೆ. ಮಾತಿನಲ್ಲಿ ಈ ಲೆಕ್ಕ ತಿರುಗುಮುರುಗು. ಆರು ವರ್ಷದ ಕಥೆ ಹೇಳಲು ಮೂರು ಸಂಜೆ ಸಾಲದು. ನಲವತ್ತು ವರ್ಷದ್ದನ್ನು ಕೇಳಿದರೆ “ಬೆಚ್ಚಗಿತ್ತು” ಎಂದು ಮುಗಿಸುತ್ತಾರೆ.

ಮಾದರಿ ರೈಲಿನ ಹುಚ್ಚು ಹತ್ತಿದ್ದು ಮಗ ಹುಟ್ಟಿದ ವರ್ಷ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲೇ ಆಟಿಕೆ ರೈಲು ಮಾರಲು ಶುರು ಮಾಡಿದ್ದರೂ ತಾತನ ಬಾಲ್ಯದ ಮನೆಗೆ ಅದು ಬರಲಿಲ್ಲ. ಆ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಕಾಲುಚೀಲ ಸಿಕ್ಕರೆ ದೊಡ್ಡದು. ಹಾಗಾಗಿ ಮೂರು ತಿಂಗಳ ಕೂಸಿಗೆಂದು ಹಾರ್ನ್‌ಬಿ ಸೆಟ್ಟು ಬಂತು. ಕೂಸು ಈಗ ಐವತ್ತರ ಗಂಡಸು. ಇನ್ನೂ ಅದನ್ನು ಮುಟ್ಟಿಲ್ಲ, ಮುಟ್ಟಲು ಬಿಟ್ಟೂ ಇಲ್ಲ.

ಈ ಲೋಕದ ಅಳತೆಯೇ ಒಂದು ತಮಾಷೆ. ಬ್ರಿಟನ್ನಿನಲ್ಲಿ ಹೆಚ್ಚು ಜನ ಹಿಡಿದಿರುವುದು ಡಬಲ್ ಓ ಎಂಬ ಅಳತೆ: ನಿಜದ ಒಂದು ಅಡಿಗೆ ಇಲ್ಲಿ 4 ಮಿಲಿಮೀಟರ್. ಹಳಿಯ ಅಗಲ ಮಾತ್ರ ಅಡಿಗೆ ಮೂರೂವರೆ ಮಿಲಿಮೀಟರಿನ ಲೆಕ್ಕದಲ್ಲಿ ಬಂದ 16.5 ಮಿಲಿಮೀಟರ್. ಬ್ರಿಟನ್ನಿನ ಇಂಜಿನ್ನುಗಳು ಯುರೋಪಿನವಕ್ಕಿಂತ ಮೈಯಲ್ಲಿ ಚಿಕ್ಕವು. ಆ ಕಾಲದ ಮೋಟಾರು ಒಳಗೆ ಹಿಡಿಸಲಿಲ್ಲ. ಹಳಿಯನ್ನು ಹಾಗೇ ಬಿಟ್ಟು ಇಂಜಿನ್ನಿನ ಮೈಯನ್ನಷ್ಟೇ ದೊಡ್ಡದು ಮಾಡಿದರು. ಲೆಕ್ಕ ಹಾಕಿದರೆ 4 ಅಡಿ ಎಂಟೂವರೆ ಇಂಚು ಇರಬೇಕಾದ ಹಳಿ ಇಲ್ಲಿ 4 ಅಡಿ ಒಂದೂವರೆ ಇಂಚಿಗೆ ಇಳಿದಿದೆ. ಈ ಏಳು ಇಂಚಿನ ಕೊರತೆಯಿಂದ ನಿದ್ದೆಗೆಟ್ಟು, ಹಳಿ, ಚಕ್ರ, ಅಚ್ಚುಗಳನ್ನೆಲ್ಲ ಕಿತ್ತು 18.83 ಮಿಲಿಮೀಟರಿಗೆ ಮರುಜನ್ಮ ಕೊಡುವ ಮಡಿವಂತರ ಪಂಗಡವೇ ಅಲ್ಲಿದೆ. ತಾತ ಆ ಪಂಗಡಕ್ಕೆ ಸೇರಿದವರಲ್ಲ. ನಿಜದ ಹಳಿಯ ಮೇಲೆ ಅಷ್ಟು ವರ್ಷ ಓಡಿಸಿದವನು ನಾನು, ಇಷ್ಟು ದೂರದಿಂದ ಏಳು ಇಂಚು ನನಗೇ ಕಾಣುವುದಿಲ್ಲ ಎನ್ನುತ್ತಾರೆ. ಮಡಿವಂತರು ಇದಕ್ಕೆ ಕನ್ನಡಕದ ಅಂಗಡಿಯ ವಿಳಾಸ ಕೊಡುತ್ತಾರೆ.

ತಾತನ ಮಡಿ ಬೇರೆ ಕಡೆ ಇದೆ. ಹೊಸ ಮಾದರಿ ಇಂಜಿನ್ನಿಗೆ ಈಗ 200 ಪೌಂಡ್ ಮೀರಿದ ಬೆಲೆ. ಪೆಟ್ಟಿಗೆ ಬಿಚ್ಚಿದರೆ ಮುಖ ಕಾಣುವ ಹೊಳಪು. ತಾತ ಅದನ್ನು ಒಂದು ಸಲ ತಿರುಗಿಸಿ ನೋಡಿ, ಕೂಡಲೇ ಅದಕ್ಕೆ ಕೊಳೆ ಬಳಿಯಲು ಕೂರುತ್ತಾರೆ. ಮಸಿಯಲ್ಲೂ ಬಗೆ ಉಂಟು: ಚಿಮಣಿಯ ಸುತ್ತ ಕಪ್ಪು, ಗಾಲಿಯ ಹತ್ತಿರ ಎಣ್ಣೆಕಂದು, ಬಾಯ್ಲರಿನ ಪಕ್ಕ ನೀರು ಸೋರಿದ ಬಿಳಿ ಗೆರೆ, ತುಕ್ಕಿನ ಬೊಟ್ಟು. ಬ್ಲ್ಯಾಕ್ ಫೈವ್ ಎಂಬ ಜಾತಿಯ ಇಂಜಿನ್ನುಗಳನ್ನು ಒಟ್ಟು 842 ಕಟ್ಟಿದ್ದರು. ಅವುಗಳಲ್ಲಿ ತಾತನಿಗೆ ನೆನಪಿರುವುದೆಲ್ಲ ಕೊಳಕಾದವು. ಪ್ರದರ್ಶನಗಳಲ್ಲಿ ಇತರರ ಇಂಜಿನ್ನುಗಳು ಹೊಸ ಮದುಮಕ್ಕಳು. ತಾತನದು ಹನ್ನೆರಡು ಗಂಟೆ ಪಾಳಿ ಮುಗಿಸಿ ಬಂದ ಕೂಲಿ.

ಇದನ್ನು ಕಂಡರೆ ಅಜ್ಜಿಗೆ ಎಲ್ಲಿಲ್ಲದ ಕೋಪ. ಮದುವೆಯಾದ ಹೊಸತರಲ್ಲಿ ಇವರ ಅಂಗಿಯಿಂದ ಮಸಿ ಬಿಡಿಸುತ್ತ ಕೈ ಸವೆಸಿದವರು ಅವರು. ಈಗ ಅದೇ ಮಸಿಯನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿ ದುಡ್ಡು ಕೊಟ್ಟು ತರುತ್ತಿದ್ದಾರೆ. ತಾತ ಇದಕ್ಕೆ ಇಟ್ಟುಕೊಂಡಿರುವ ಬಾಣ ರಾಡ್ ಸ್ಟೀವರ್ಟ್. ಆ ಹಾಡುಗಾರ ಇಪ್ಪತ್ತು ವರ್ಷಕ್ಕೂ ಮೇಲೆ ಕೂತು 1940ರ ದಶಕದ ಅಮೆರಿಕದ ಒಂದು ನಗರವನ್ನೇ ರೈಲು ಸಮೇತ ಕಟ್ಟಿ 2019ರಲ್ಲಿ ಜಗತ್ತಿಗೆ ತೋರಿಸಿದ. “ಅವನಿಗಿಲ್ಲದ ನಾಚಿಕೆ ನನಗೇಕೆ?” ಎನ್ನುತ್ತಾರೆ ತಾತ. “ಅವನು ನಡುನಡುವೆ ಹಾಡಿ ದುಡ್ಡನ್ನೂ ತಂದ” ಎನ್ನುತ್ತಾರೆ ಅಜ್ಜಿ.

ಶೆಡ್ಡಿನೊಳಗೆ ಬ್ರಿಟಿಷ್ ರೈಲ್ವೆಯ ರೂಲ್ ಪುಸ್ತಕ ಇನ್ನೂ ಜಾರಿಯಲ್ಲಿದೆ. ಗಂಟೆ ಒಂದು ಸಲ ಬಡಿದರೆ ‘ಇತ್ತ ಗಮನ ಕೊಡಿ’. ನಾಲ್ಕು ಸಲ ಬಡಿದರೆ ‘ಎಕ್ಸ್‌ಪ್ರೆಸ್ಸಿಗೆ ದಾರಿ ಇದೆಯೇ’. ಎರಡು ಬಡಿದರೆ ಗಾಡಿ ಹೊರಟಿತು. ಎರಡು ಬಡಿದು, ತಡೆದು, ಇನ್ನೊಂದು ಬಡಿದರೆ ಗಾಡಿ ಸುರಕ್ಷಿತವಾಗಿ ದಾಟಿತು. ಗೋಡೆಯ ಮೇಲೆ 55ನೇ ರೂಲನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಕೈಮರ ಬೀಳದೆ ಗಾಡಿ ನಿಂತೇ ಇದ್ದರೆ ಡ್ರೈವರಿನ ಕಡೆಯವನೊಬ್ಬ ಸಿಗ್ನಲ್ ಮನೆಗೆ ನಡೆದುಹೋಗಿ, ನಾವು ಇಲ್ಲಿ ನಿಂತಿದ್ದೇವೆ ಎಂದು ನೆನಪಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಬರಬೇಕೆಂಬ ನಿಯಮ ಅದು. ಇದರಲ್ಲಿ ತಾತ ಹುಡುಗಾಟ ಸಹಿಸುವುದಿಲ್ಲ. 1915ರಲ್ಲಿ ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್‌ನಲ್ಲಿ ತಮ್ಮ ಕಿಟಕಿಯ ಎದುರೇ ನಿಂತಿದ್ದ ಗಾಡಿಯನ್ನು ಸಿಗ್ನಲಿನವರು ಮರೆತರು. 200ಕ್ಕೂ ಹೆಚ್ಚು ಜನ ಸತ್ತರು. ಅಜ್ಜಿಗೂ ಈ ರೂಲು ಬಾಯಿಪಾಠ. ಊಟಕ್ಕೆ ಕರೆದು ಕರೆದು ಸಾಕಾದ ಮೇಲೆ ಅವರು ಶೆಡ್ಡಿನ ಬಾಗಿಲಿಗೆ ಬಂದು, “ರೂಲು 55, ಊಟ ಆರು ಗಂಟೆಯಿಂದ ನಿಂತಿದೆ, ಎಲ್ಲಿ ಸಹಿ ಹಾಕಲಿ?” ಎನ್ನುತ್ತಾರೆ.

ಬೇರೆಯವರ ಮಾದರಿ ಊರುಗಳಲ್ಲಿ ಸದಾ ಬೇಸಿಗೆಯ ಬಿಸಿಲು, ಚರ್ಚಿನಲ್ಲೊಂದು ಮದುವೆ, ಸೇತುವೆಯ ಮೇಲೊಂದು ಬಸ್ಸು. ಬಸ್ಸಿಲ್ಲದ ಸೇತುವೆ ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ತಾತನ ಊರಿನಲ್ಲಿ ಈಗಷ್ಟೇ ಮಳೆ ನಿಂತಿದೆ. ರಸ್ತೆಗೂ ಚಾವಣಿಗೂ ವಾರ್ನಿಷ್ ಬಳಿದು ಒದ್ದೆ ಮಾಡಿದ್ದಾರೆ. ಕಂಬ್ರಿಯದ ಬೆಟ್ಟದಲ್ಲಿ ರಾತ್ರಿಪಾಳಿ ಮಾಡಿದವರಿಗೆ ಬಿಸಿಲಿನ ಮಾದರಿ ಕಟ್ಟಲು ಕೈ ಬರುವುದಿಲ್ಲ. ಬಸ್ಸು ಮಾತ್ರ ಅಲ್ಲೂ ಇದೆ. ಇನ್ನು ಡಾಕ್ಟರ್ ಬೀಚಿಂಗ್ ಹೆಸರನ್ನು ಶೆಡ್ಡಿನಲ್ಲಿ ಎತ್ತುವ ಹಾಗಿಲ್ಲ. 1963ರ ವರದಿಯಲ್ಲಿ 2,000ಕ್ಕೂ ಹೆಚ್ಚು ಸ್ಟೇಷನ್ನುಗಳನ್ನು ಮುಚ್ಚಿ ಎಂದವರು ಅವರು. ತಾತನ ರಾಜ್ಯದಲ್ಲಿ ದಿನಕ್ಕೆ ಇಬ್ಬರು ಹತ್ತುವ ಸ್ಟೇಷನ್ನಿಗೂ ಸ್ಟೇಷನ್ ಮಾಸ್ತರಿದ್ದಾನೆ, ಹೂದೋಟವಿದೆ, ಒಂದು ನಾಯಿಯೂ ಇದೆ.

ತಾತನನ್ನು ಪೂರ್ತಿ ನೋಡಬೇಕೆಂದರೆ ಶನಿವಾರದ ಪ್ರದರ್ಶನಕ್ಕೆ ಹೋಗಬೇಕು. ಚರ್ಚಿನ ಹಾಲು, ಮಡಿಸುವ ಮೇಜು, ಸಪ್ಪೆ ಸ್ಯಾಂಡ್‌ವಿಚ್ಚು, ಬೆನ್ನಚೀಲ ಹೊತ್ತ ಗಂಡಸರ ನೂಕುನುಗ್ಗಲು. ಜನ ಬಂದು ನಿಂತಾಗ ಒಂದು ಗಾಡಿಯೂ ಓಡುವುದಿಲ್ಲ. ಓಡಿದರೆ ಹಳಿ ತಪ್ಪುತ್ತದೆ. ಆಗ ಆಕಾಶದಿಂದ ತಾತನ ಹಸ್ತ ಇಳಿದು ಬಂದು ಆರು ಡಬ್ಬಿಗಳನ್ನು ಎತ್ತಿ ನಿಲ್ಲಿಸುತ್ತದೆ. ಅಷ್ಟರಲ್ಲಿ ಬರುತ್ತಾರೆ ಅವರು. ಅಲ್ಲಿನ ಜನ ಅವರಿಗೆ ಇಟ್ಟ ಅಡ್ಡಹೆಸರು ‘ರಿವೆಟ್ ಎಣಿಸುವವರು’. ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಇಂಜಿನ್ ಹತ್ತಿದವರಲ್ಲ, ಪುಸ್ತಕ ಬಿಟ್ಟವರಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಾರೆ.

“ಎಕ್ಸ್‌ಪ್ರೆಸ್ ಎನ್ನುತ್ತೀರಿ, ದೀಪ ಚಿಮಣಿಯ ಮುಂದೆ ಒಂದೇ ಇದೆ. ಅದು ಪ್ಯಾಸೆಂಜರಿನ ಗುರುತು. ಎಕ್ಸ್‌ಪ್ರೆಸ್ಸಾದರೆ ಎರಡು ಬಫರುಗಳ ಮೇಲೆ ಒಂದೊಂದು ಇರಬೇಕಿತ್ತು.”

“ಆ ದೀಪಗಳನ್ನು ಮಳೆಯಲ್ಲಿ ನಾನೇ ಹಚ್ಚಿ ಇಟ್ಟಿದ್ದೇನೆ ಸ್ವಾಮಿ.”

“ಇಟ್ಟಿರಬಹುದು. ಇಲ್ಲಿ ಇಟ್ಟಿಲ್ಲ.” ಇನ್ನಷ್ಟು ಬಗ್ಗುತ್ತಾರೆ. “ಈ ನಂಬರಿನ ಇಂಜಿನ್ 1967ರಲ್ಲಿ ಕಾರ್ನ್‌ಫರ್ತ್‌ನಲ್ಲಿ ಇರಲಿಲ್ಲ. ಲಾಸ್ಟಾಕ್ ಹಾಲ್ ಶೆಡ್ಡಿನದು.”

ತಾತ ಮಾತಾಡದೆ ಬಲಗೈ ತೋಳು ಮಡಿಸುತ್ತಾರೆ. ಮೊಣಕೈ ಕೆಳಗೆ ಬೆಂಕಿಬಾಗಿಲು ತಾಗಿದ ಹಳೆಯ ಕಲೆ. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಕಲೆಯನ್ನು ಪರೀಕ್ಷಿಸಿ ಹೇಳುತ್ತಾರೆ: “ಹಾಗಾದರೆ ಇದು ಬೇರೆ ಇಂಜಿನ್ನಿನದಿರಬೇಕು.”

ಇಂಥ ಜಗಳದಲ್ಲಿ ಗೆಲ್ಲುವುದು ಬಹುಪಾಲು ಗುಮಾಸ್ತರೇ. ನ್ಯಾಯವಾಗಿ ನೋಡಿದರೂ ಹಾಗೇ. ಬೆಳಗಿನ ಜಾವ ಮೂರಕ್ಕೆ, ಹೊಗೆಯಲ್ಲಿ, ನಂಬರ್ ಓದಿ ಮನಸ್ಸಿನಲ್ಲಿಟ್ಟುಕೊಳ್ಳುವ ಫೈರ್‌ಮನ್ ಎಲ್ಲಿದ್ದಾನೆ? ಕೊನೆಯ ದಿನಗಳಲ್ಲಂತೂ ನಂಬರ್ ಫಲಕಗಳನ್ನೇ ಕದ್ದೊಯ್ಯುತ್ತಿದ್ದರು. ಯಾವ ಇಂಜಿನ್ನಿಗೆ ಉಗಿ ಏರುತ್ತಿರಲಿಲ್ಲ, ಯಾವುದರ ತಳ ಕಿತ್ತುಹೋಗಿ ಹಲ್ಲು ಕಟಕಟ ಎನ್ನುತ್ತಿತ್ತು, ಯಾವ ಡ್ರೈವರು ಸಲಿಕೆಯ ಮೇಲೆ ಮೊಟ್ಟೆ ಕರಿದು ಫೈರ್‌ಮನ್ನಿಗೆ ಕೊಡದೆ ತಿಂದ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಸಂಜೆ ಹಾಲು ಖಾಲಿಯಾದ ಮೇಲೆ ನೋಡಿ: ಇಬ್ಬರೂ ಚಹಾ ಹಿಡಿದು ಕೂತಿರುತ್ತಾರೆ. ತಾತ ಆ ಮೊಟ್ಟೆಯ ಕಥೆ ಹೇಳುತ್ತಿರುತ್ತಾರೆ, ಗುಮಾಸ್ತರು ಅದರ ತಾರೀಖು ತಿದ್ದುತ್ತಿರುತ್ತಾರೆ.

ಭಾರತದವರು ಸಿಕ್ಕಿದರೆ ತಾತನಿಗೆ ಹಬ್ಬ. “ನಿಮ್ಮ ಡಬ್ಲ್ಯೂಪಿ ಇಂಜಿನ್, ಗುಂಡು ಮೂಗಿನದು, ಹತ್ತಿದ್ದೀರಾ?” ಎಂದು ಶುರು. ಬೆಂಗಳೂರಿನಿಂದ ಮ್ಯಾಂಚೆಸ್ಟರಿಗೆ ಬಂದ ಸಾಫ್ಟ್‌ವೇರ್ ಹುಡುಗ ಕಣ್ಣು ಕಣ್ಣು ಬಿಟ್ಟು, ಅವರನ್ನು ಮೆಚ್ಚಿಸಲು, ಊಟಿ ರೈಲಿನ ಹಳೆಯ ಇಂಜಿನ್ ನಿಮ್ಮವರೇ ಮಾಡಿದ್ದಲ್ಲವೇ ಎನ್ನುತ್ತಾನೆ. “ಅಲ್ಲ, ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನದು” ಎಂಬ ಉತ್ತರ ಬರುತ್ತದೆ. ಶಾಲೆಯಿಂದ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿದ್ದೆ ಎಂದರೆ ಮಾತ್ರ ಮರ್ಯಾದೆ ಉಳಿಯುತ್ತದೆ. ಅಲ್ಲಿಗೆ ಮುಗಿಯಿತೆನ್ನುವ ಹಾಗಿಲ್ಲ. ಮ್ಯಾಂಚೆಸ್ಟರಿಗೆ ಬರಬೇಕಿದ್ದ ಎಚ್‌ಎಸ್‌2 ಎಂಬ ಅತಿವೇಗದ ರೈಲು ಮಾರ್ಗವನ್ನು 2023ರ ಅಕ್ಟೋಬರಿನಲ್ಲಿ, ಮ್ಯಾಂಚೆಸ್ಟರಿನಲ್ಲೇ ನಿಂತು ರದ್ದು ಮಾಡಿದವರು ಆಗಿನ ಪ್ರಧಾನಿ ರಿಷಿ ಸುನಕ್. ಅವರು ಬೆಂಗಳೂರಿನ ಅಳಿಯ ಎಂಬುದು ತಾತನಿಗೆ ಹೇಗೋ ಗೊತ್ತಾಗಿದೆ. ಅಂದಿನಿಂದ ಕನ್ನಡಿಗರು ಯಾರೇ ಶೆಡ್ಡಿಗೆ ಕಾಲಿಟ್ಟರೂ ಅಳಿಯನ ಪರವಾಗಿ ಉತ್ತರ ಹೇಳಬೇಕು.

ಇಂಗ್ಲೆಂಡಿಗೆ ಹೊರಟ ಕನ್ನಡಿಗರಲ್ಲಿ ಅದಕ್ಕೇ ಒಂದು ಮಾತು. ಇಂಥ ಶೆಡ್ಡಿಗೆ ಕರೆದರೆ ಖಂಡಿತ ಹೋಗಿ. ಆಟಿಕೆ ಎಂಬ ಶಬ್ದ ಬಾಯಿಗೆ ಬರದ ಹಾಗೆ ನೋಡಿಕೊಳ್ಳಿ, ಕೈಗಳನ್ನು ಜೇಬಿನಲ್ಲಿಡಿ, ಸೇತುವೆಯ ಮೇಲಿನ ಬಸ್ಸನ್ನು ಹೊಗಳಿ. ಹಿಂದಿರುಗುವ ರೈಲಿನ ಟಿಕೆಟ್ಟನ್ನು ಮಾತ್ರ ಮೊದಲೇ ಕಾದಿರಿಸಬೇಡಿ.